ಎಷ್ಟು ತಟ್ಟುತ್ತಿದೆ?

ಮನಸ್ಸಿನ ನೋವನ್ನು ಒಂದು ಟೋಪಿ ತಟ್ಟಿ ತಟ್ಟಿ ಕಳೆಯುವಂತಿದ್ದರೆ ಹೇಗಿರುತ್ತದೆ? ಈ ಮಾತನ್ನು ನನ್ನಂಥ ಎಪ್ಪತ್ತೊಂದು ವರ್ಷದ ಹೆಂಗಸು ಕೇಳಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ದಾವಣಗೆರೆಯಲ್ಲಿ ಹೊಸದಾಗಿ ಬಂದ ಭಾವಸ್ವಾಸ್ಥ್ಯ ಸಂಶೋಧನಾ ಕೇಂದ್ರದವರು ಕೇಳಿದರು. ಕೇಳಿ, ನೂರ ಎಂಬತ್ತು ಜನರ ತಲೆಗೆ ಟೋಪಿ ತೊಡಿಸಿ, ಆರು ವಾರ ಕೂರಿಸಿ, ಬರೆದುಕೊಂಡರು. ಆ ನೂರ ಎಂಬತ್ತು ಜನರಲ್ಲಿ ನನ್ನ ಯಜಮಾನರು ಮುರಿಗೆಪ್ಪನವರೂ ಒಬ್ಬರು. ಟೋಪಿ ಅವರಿಗೆ ಏನು ಮಾಡಿತು, ಏನು ಮಾಡಲಿಲ್ಲ ಎಂಬುದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಟೋಪಿಗೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಕೆನ್ನೆಯ ಮೇಲೆ ಇಳಿದು ಗದ್ದದ ಕೆಳಗೆ ಗುಂಡಿ ಹಾಕಿಕೊಳ್ಳುವ ಅದನ್ನು ನೋಡಿದ ದಿನವೇ ನಮ್ಮ ಊರಿನವರು 'ಕುಲಾವಿ' ಎಂದುಬಿಟ್ಟರು. ಹಸುಗೂಸಿನ ಕುಲಾವಿಯ ಹಾಗೇ ಇತ್ತು, ಬಣ್ಣ ಮಾತ್ರ ಬೂದಿ. ಒಳಗಡೆ ಬೇಳೆಕಾಳಿನ ಗಾತ್ರದ ಮೆತ್ತನೆಯ ಗುಂಡುಗಳಿದ್ದವು. ಹುಬ್ಬಿನ ಮೊದಲು, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಗದ್ದ, ನೆತ್ತಿ, ಹೀಗೆ ಗೊತ್ತಾದ ಜಾಗಗಳಲ್ಲಿ ಅವು ತಟ್ಟುತ್ತಿದ್ದವು. ತೊಟ್ಟವರ ಬೆವರು, ನಾಡಿ, ಉಸಿರನ್ನು ಟೋಪಿಯೇ ಅಳೆಯುತ್ತಿತ್ತು. ಭಯ ಮೇಲೇಳುವುದನ್ನು ಅವರಿಗಿಂತ ಮೊದಲೇ ತಿಳಿದು, ಅದಕ್ಕೆ ತಕ್ಕ ಲಯದಲ್ಲಿ ತಟ್ಟುತ್ತಿತ್ತು.

"ಹಳೇ ನೆನಪನ್ನು ಹೊರಗೆ ತೆಗೆದಾಗ ಅದು ಸ್ವಲ್ಪ ಹೊತ್ತು ಮೆತ್ತಗಾಗ್ತದೆ ಟೀಚರ್," ಎಂದು ಡಾಕ್ಟರ್ ಹರಿಣಾಕ್ಷಿ ಕೋಟ್ಯಾನ್ ನನಗೆ ವಿವರಿಸಿದ್ದರು. ಈ ಸಂಶೋಧನೆಯ ಮುಖ್ಯಸ್ಥೆ ಅವರೇ. ಮಂಗಳೂರಿನ ಕಡೆಯವರು, ನಲವತ್ತರ ಆಸುಪಾಸು. "ನಿಮ್ಮ ರೊಟ್ಟಿ ಹಿಟ್ಟಿನ ಹಾಗೆ ಅಂತ ಇಟ್ಟುಕೊಳ್ಳಿ. ಆ ಹೊತ್ತಿಗೆ ಮೈಗೆ 'ಎಂಥದೂ ಆಗುದಿಲ್ಲ, ಹೆದರ್ಬೇಡ' ಅಂತ ಸೂಚನೆ ಹೋದ್ರೆ, ನೆನಪು ವಾಪಸ್ ಒಳಗೆ ಹೋಗುವಾಗ ಅದರ ಮುಳ್ಳು ಹೋಗಿರ್ತದೆ. ನೆನಪು ಉಂಟು, ಮುಳ್ಳಿಲ್ಲ. ಇದು ನಮ್ಮ ಊಹೆ. ಊಹೆ ಮಾತ್ರ, ಆಯ್ತಾ?"

ಆ 'ಊಹೆ ಮಾತ್ರ' ಎಂಬ ಮಾತಿಗೇ ನನಗೆ ಅವರ ಮೇಲೆ ವಿಶ್ವಾಸ ಬಂದದ್ದು.

ಊಹೆಯನ್ನು ಒರೆಗೆ ಹಚ್ಚಲು ಅವರು ಮೂರು ಗುಂಪು ಮಾಡಿದ್ದರು. ಮೊದಲ ಗುಂಪಿನ ಕುಲಾವಿ ಸರಿಯಾದ ಜಾಗದಲ್ಲಿ ತಟ್ಟುತ್ತದೆ. ಎರಡನೆಯದರದ್ದು ಎರಡು ಬೆರಳು ಆಚೆ, ಬೇಕೆಂದೇ ತಪ್ಪು ಜಾಗದಲ್ಲಿ ತಟ್ಟುತ್ತದೆ. ಮೂರನೆಯದರಲ್ಲಿ ದೀಪ ಹತ್ತುತ್ತದೆ, ಗುಂಯ್ ಎನ್ನುತ್ತದೆ, ಆದರೆ ತಟ್ಟುವುದೇ ಇಲ್ಲ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಆರು ವಾರ ಮುಗಿಯುವ ತನಕ ಗುಟ್ಟು ಬೇರೆ ಊರಿನ ಕಂಪ್ಯೂಟರಿನಲ್ಲಿತ್ತು. ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಕೆಲವರಿಗೆ ತಟ್ಟುವುದು ಗೊತ್ತೇ ಆಗದಷ್ಟು ಮೃದುವಾಗಿರಬಹುದು."

ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು. ಇಂಗ್ಲಿಷಿನಲ್ಲಿದ್ದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವ ಕೆಲಸವನ್ನು ನನಗೆ ಕೊಟ್ಟಿದ್ದರು. ಅದರ ಮುಖ್ಯ ಪ್ರಶ್ನೆ, ಆ ನೆನಪು ಈಗ ನಿಮ್ಮನ್ನು ಎಷ್ಟು ಬಾಧಿಸುತ್ತಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂಬುದು. 'ಬಾಧಿಸು' ಎಂದರೆ ಔಷಧದ ಬಾಟಲಿಯ ವಾಸನೆ ಬರುತ್ತದೆ ಅನ್ನಿಸಿತು ನನಗೆ. ಎರಡು ದಿನ ಯೋಚಿಸಿ, 'ಮನಸ್ಸಿಗೆ ತಟ್ಟುವುದು' ಎಂಬ ನಮ್ಮ ಮಾತನ್ನು ಹಿಡಿದೆ. ಹಾಳೆಯ ನೆತ್ತಿಯಲ್ಲಿ 'ನಿಮ್ಮ ನೆನಪಿನ ಬಗ್ಗೆ' ಎಂದು ಬರೆದು, ಕೆಳಗೆ 'ಈಗ ನಿಮಗೆ ಎಷ್ಟು ತಟ್ಟುತ್ತಿದೆ?' ಎಂದು ಹಾಕಿದೆ. ಓದಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಸ್ವಲ್ಪ ಜಂಬವೂ ಬಂತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮುರಿಗೆಪ್ಪನವರು ಈ ಪ್ರಯೋಗಕ್ಕೆ ಸೇರಿದ ಕಾರಣವನ್ನೂ ಹೇಳಬೇಕು. ಅವರು ಇಪ್ಪತ್ತೊಂಬತ್ತು ವರ್ಷ ದಾವಣಗೆರೆ–ಚಿತ್ರದುರ್ಗ ಮಾರ್ಗದಲ್ಲಿ ಖಾಸಗಿ ಬಸ್ಸು ಓಡಿಸಿದವರು. ಹನ್ನೊಂದು ವರ್ಷದ ಹಿಂದೆ ಶೆಡ್ಡಿನಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಅವರ ಕಂಡಕ್ಟರ್ ತಿಪ್ಪೇಸ್ವಾಮಿ ಗೋಡೆಗೂ ಬಸ್ಸಿಗೂ ನಡುವೆ ಸಿಕ್ಕಿ, ಮೂರನೇ ದಿನ ತೀರಿಕೊಂಡರು. ಪೊಲೀಸರು ಆಕಸ್ಮಿಕ ಎಂದು ಬರೆದರು. ತಿಪ್ಪೇಸ್ವಾಮಿಯ ಹೆಂಡತಿಯೇ ಬಂದು, "ನಿಮ್ದೇನ್ ತಪ್ಪಿಲ್ಲ ಅಣ್ಣಾ" ಎಂದು ಹೇಳಿ ಹೋದರು. ಅಂದಿನಿಂದ ಇವರು ಯಾವ ವಾಹನವನ್ನೂ ಹತ್ತಿಲ್ಲ. ಆಟೋ ಇಲ್ಲ, ಸ್ಕೂಟರಿನ ಹಿಂದಿನ ಸೀಟೂ ಇಲ್ಲ. ಎಲ್ಲಿಗೆ ಹೋದರೂ ನಡಿಗೆ.

ಚಿತ್ರದುರ್ಗದಲ್ಲಿ ಇವರ ಅಕ್ಕ ಹಾಲಮ್ಮ ಇದ್ದಾರೆ. ಎಂಬತ್ತಾರು ವರ್ಷ. ತಾಯಿ ಸತ್ತಾಗ ನಾಲ್ಕು ವರ್ಷದವರಾಗಿದ್ದ ಇವರನ್ನು ಸಾಕಿದವರು ಆ ಅಕ್ಕ. ಬಸ್ಸು ಓಡಿಸುತ್ತಿದ್ದಷ್ಟು ಕಾಲವೂ ಮಧ್ಯಾಹ್ನ ಬುತ್ತಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರಂತೆ. ಹನ್ನೊಂದು ವರ್ಷದಿಂದ ಅಕ್ಕ ತಮ್ಮ ಫೋನಿನಲ್ಲೇ. ಈಗ ಆಕೆ ಹಾಸಿಗೆ ಹಿಡಿದಿದ್ದರು. "ಮಾವಾ, ಡಾಕ್ಟ್ರು ಇನ್ನ ಎರಡು ತಿಂಗ್ಳು ಇದ್ರೆ ಹೆಚ್ಚು ಅಂದಾರೆ. ದಿನಾ ಕೇಳ್ತೈತೆ ಅವ್ವ, ತಮ್ಮ ಬಂದ್ನಾ ಅಂತ," ಎಂದು ಅವರ ಮಗಳು ನಾಗವೇಣಿ ಫೋನಿನಲ್ಲಿ ಅತ್ತಿದ್ದಳು.

ಅರವತ್ತು ಕಿಲೋಮೀಟರ್. ನಡೆದು ಹೋಗುತ್ತೇನೆ ಎಂದು ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟಿದ್ದರು. ಎಪ್ಪತ್ತನಾಲ್ಕು ವರ್ಷದ ಮಂಡಿ ಊರಾಚೆಯ ಪೆಟ್ರೋಲ್ ಬಂಕ್ ತನಕ ತಾಳಿತು, ಅಷ್ಟೇ. ಮಾರನೇ ದಿನ ತಾವೇ ಹೋಗಿ ಪ್ರಯೋಗಕ್ಕೆ ಹೆಸರು ಬರೆಸಿದರು.

ಆರು ವಾರ ಮುಗಿದ ಸೋಮವಾರ ನಾನು ಕೇಂದ್ರಕ್ಕೆ ಹೋದಾಗ ಡಾಕ್ಟರ್ ಹರಿಣಾಕ್ಷಿ ಗೋಡೆಯಗಲದ ಪರದೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಬನ್ನಿ ಟೀಚರ್, ನನಗೆ ತಲೆ ತಿರುಗುದು. ಇಲ್ಲಿ ನೋಡಿ. ಗುಟ್ಟು ಬಿಚ್ಚಿ ಕಳಿಸಿದ್ದಾರೆ. ಸರಿ ಜಾಗದಲ್ಲಿ ತಟ್ಟಿಸಿಕೊಂಡವರು ಏಳು, ಎಂಟು ಅಂತ ಬರೆದಿದ್ದಾರೆ. ತಪ್ಪು ಜಾಗದಲ್ಲಿ ತಟ್ಟಿಸಿಕೊಂಡವರೂ ಏಳು, ಎಂಟು. ಒಬ್ಬರಿಗೂ ಗುಣ ಇಲ್ಲ. ಮೂರನೇ ಗುಂಪು, ತಟ್ಟದೇ ಇದ್ದ ಗುಂಪು, ಸೊನ್ನೆ! ಒಂದು, ಸೊನ್ನೆ, ಸೊನ್ನೆ. ತಟ್ಟದ ಕುಲಾವಿಯೇ ನೋವು ತೆಗೆದದ್ದು. ಇದು ಎಂಥ ಮಾರಾಯ್ರೆ?"

"ಹಾಗೂ ಆಗಬಹುದೇನೋ," ಎಂದೆ. ಬೇರೇನು ಹೇಳಲಿ?

"ನಿಮ್ಮ ಯಜಮಾನರು ಮೂರನೇ ಗುಂಪು. ಆರು ವಾರವೂ ಸೊನ್ನೆ. ಅಷ್ಟು ಚೆನ್ನಾಗಿ ಗುಣ ಆದವರು ಇಡೀ ಪಟ್ಟಿಯಲ್ಲಿ ಬೇರೆ ಇಲ್ಲ." ಅವರ ಮುಖದಲ್ಲಿ ಗೊಂದಲದ ನಡುವೆಯೂ ಸಂತೋಷ ಕಂಡಿತು. "ಅಕ್ಕನನ್ನು ನೋಡ್ಲಿಕ್ಕೆ ಹೋಗ್ಬೇಕು ಅಂತ ಹೇಳ್ತಾ ಇದ್ರಲ್ಲ? ಗುರುವಾರ ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೇನೆ. ತಟ್ಟದ ಟೋಪಿ ಕೊಟ್ಟು ಅವರಿಗೆ ಅನ್ಯಾಯ ಮಾಡಿದ್ದೇವೆ ಅಲ್ವಾ, ಈ ಸಲ ಸರಿಯಾದ್ದು ಕೊಡುವ. ದಾರಿಯಲ್ಲಿ ಏನಾದ್ರೂ ಆದ್ರೆ ಅದು ತಟ್ತದೆ."

ಮನೆಗೆ ಬರುವಾಗ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ದಾರಿಯ ಮಂಡಕ್ಕಿ ಅಂಗಡಿಯವರು ಕುಲಾವಿ ತೊಟ್ಟು ಬರುವವರಿಗಾಗಿ ಮೂಲೆಯ ಬೆಂಚಿಗೆ ಹಳೇ ಸೀರೆಯ ಪರದೆ ಕಟ್ಟಿದ್ದರು, ಯಾರೂ ನೋಡಿ ನಗಬಾರದು ಎಂದು. ಅವತ್ತು ಆ ಪರದೆಯನ್ನು ಕಂಡೇ ಕಣ್ಣು ತುಂಬಿತು. ಒಳ್ಳೆಯ ಸುದ್ದಿ ಬಂದ ದಿನ ಎಲ್ಲವೂ ಹಾಗೆ ಕಾಣುತ್ತದೆ.

ಮನೆಯಲ್ಲಿ ನಾನು ಒಲೆ ಹಚ್ಚಿ ಜೋಳದ ಹಿಟ್ಟು ನಾದಿದೆ. ಅವರು ಎಂದಿನಂತೆ ಎದ್ದು, ಕರಿಬೇವಿನ ಗಿಡಕ್ಕೆ ನೀರು ಹಾಕುತ್ತೇನೆಂದು ಹಿತ್ತಲಿಗೆ ಹೋದರು. ರೊಟ್ಟಿ ಮುಗಿದ ಮೇಲೆ ಬಂದು ತಟ್ಟೆಯ ಮುಂದೆ ಕೂತರು. ಗುರುವಾರದ ವಿಷಯ ಹೇಳಿದೆ. ಮುಖ ಅರಳಿತು.

"ಡಾಕ್ಟ್ರವ್ವನ ಕಾರಾಗಾ? ಹೆಣ್ಮಗಳು ಹೆಂಗ್ ಓಡಿಸ್ತಾಳೋ ಏನೋ."

"ನಿಮಗಿಂತ ಚೆನ್ನಾಗಿ ಓಡಿಸ್ತಾರೆ, ಸುಮ್ನಿರಿ."

"ಅಕ್ಕಗೆ ಏನ್ ತಗಂಡು ಹೋಗಾನ? ಹಲ್ಲಿಲ್ಲ. ಮೆತ್ತಗಿನ್ದು ಏನಾರ ಮಾಡು."

"ಮಾಡ್ತೀನಿ. ಮತ್ತೆ, ಈ ಸಲ ನಿಮಗೆ ಬೇರೆ ಕುಲಾವಿ ಕೊಡ್ತಾರಂತೆ. ನಿಮ್ದು ತಟ್ತಾ ಇರ್ಲಿಲ್ವಂತಲ್ಲ? ಇದು ಚೆನ್ನಾಗಿ ತಟ್ತೈತಂತೆ."

ಅವರ ಕೈಯ ತುತ್ತು ತಟ್ಟೆಗೆ ಇಳಿಯಿತು. "ತಟ್ಟೋದಾ?"

"ಹೂಂ."

"ನಂಗ್ ಹಸಿವಿಲ್ಲ," ಎಂದು ಎದ್ದು ಕೈ ತೊಳೆದರು. ಸಾಯಂಕಾಲದ ತನಕ ಹಿತ್ತಲಲ್ಲೇ ಇದ್ದರು. ಆಮೇಲೆ, "ಗುರುವಾರ ಬ್ಯಾಡ ಅನ್ಸುತ್ತೆ ಮಂಗಳ," ಎಂದರು. ನನ್ನ ಹೆಸರು ಸರ್ವಮಂಗಳ. ಅವರು ಅರ್ಧ ಕತ್ತರಿಸಿ ಕರೆಯುವುದು ಮದುವೆಯಾದಾಗಿನಿಂದ. "ಯಾಕ್ರೀ?" ಎಂದರೆ ಎದ್ದು ಹೊರಗೆ ಹೋದರು. ಗುಣವಾದ ಮನುಷ್ಯ, ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವ ಮನುಷ್ಯ, ಹೀಗೇಕೆ ಆಡುತ್ತಾರೆ ಎಂದು ನನಗೆ ತಿಳಿಯಲಿಲ್ಲ.

ಮಂಗಳವಾರ ಕೇಂದ್ರದಿಂದ ಕರೆ ಬಂತು. ಪ್ರಶ್ನಾವಳಿಯ ಕೊನೆಯಲ್ಲಿ 'ಷರಾ' ಎಂದು ಎರಡು ಗೆರೆ ಖಾಲಿ ಬಿಟ್ಟಿದ್ದೆವು. ಜನ ತಮಗೆ ತೋಚಿದ್ದನ್ನು ಅಲ್ಲಿ ಕೈಬರಹದಲ್ಲಿ ಬರೆದಿದ್ದರು. ಕಂಪ್ಯೂಟರಿಗೆ ಆ ಬರಹ ಓದಲು ಬರಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಓದಿ ಓದಿ ಕಣ್ಣು ಪಳಗಿದ ನನ್ನನ್ನು ಕರೆದರು. ಹಾಳೆಗಳ ಕಟ್ಟಿನ ಮುಂದೆ ಕನ್ನಡಕ ಏರಿಸಿಕೊಂಡು ಕೂತೆ.

ಮೊದಲ ಹಾಳೆ: ಎಂಟು. ಷರಾ: 'ಎಡಗಡೆ ಜಾಸ್ತಿ ತಟ್ಟುತ್ತೆ, ಬಲಗಡೆ ಸಾಲದು.'

ಎರಡನೆಯದು: ಏಳು. 'ಗದ್ದದ ಹತ್ತಿರ ಹಿತವಾಗಿ ತಟ್ಟುತ್ತದೆ. ಸಂತೋಷ.'

ಮೂರನೆಯದು: ಸೊನ್ನೆ. 'ನನ್ನ ಟೋಪಿ ಕೆಟ್ಟಿದೆ. ತಟ್ಟುವುದೇ ಇಲ್ಲ. ದಯಮಾಡಿ ರಿಪೇರಿ ಮಾಡಿಸಿ.'

ಇನ್ನೂ ಹತ್ತು ಹಾಳೆ ತಿರುವಿದೆ. ಇಪ್ಪತ್ತು ತಿರುವಿದೆ. ಅನುಮಾನವೇ ಉಳಿಯಲಿಲ್ಲ. ತಲೆಯ ಮೇಲೆ ಟೋಪಿ ಇರುವಾಗಲೇ ಹಾಳೆ ಕೊಟ್ಟು 'ಈಗ ಎಷ್ಟು ತಟ್ಟುತ್ತಿದೆ' ಎಂದು ಕೇಳಿದರೆ ಯಾರು ತಾನೆ ಮನಸ್ಸಿನ ಬಗ್ಗೆ ಯೋಚಿಸುತ್ತಾರೆ? ಜನ ಟೋಪಿಯ ಬಗ್ಗೆ ಬರೆದಿದ್ದರು. ಚೆನ್ನಾಗಿ ತಟ್ಟಿದರೆ ಎಂಟು, ತಟ್ಟದಿದ್ದರೆ ಸೊನ್ನೆ. ಆ ಸೊನ್ನೆಯನ್ನು ನಾವು ನೋವಿಲ್ಲ ಎಂದು ಓದಿದ್ದೆವು. ಎರಡು ವರ್ಷದ ಸಂಶೋಧನೆ, ನೂರ ಎಂಬತ್ತು ಜನರ ಸಮಯ, ಎಲ್ಲವೂ ನನ್ನ ಒಂದು ಮುದ್ದಿನ ಮಾತಿನಿಂದ ತಲೆಕೆಳಗಾಗಿತ್ತು.

ಹೇಳದೆ ಮನೆಗೆ ಹೋಗಿಬಿಡಬಹುದಿತ್ತು. ಗುರುವಾರ ಕಳೆಯಲಿ, ಇವರು ಅಕ್ಕನನ್ನು ನೋಡಿ ಬರಲಿ, ಆಮೇಲೆ ಹೇಳಿದರಾಯಿತು ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಗುಣವಾಗದ ಮನುಷ್ಯನನ್ನು ಗುಣವಾಗಿದೆ ಎಂದು ನಂಬಿ ಕಾರಿನಲ್ಲಿ ಕೂರಿಸುವುದು ಹೇಗೆ? ಎದ್ದು ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ.

ಅವರು ಕಟ್ಟಿನಿಂದ ಒಂದೊಂದೇ ಹಾಳೆ ತೆಗೆದು ನೋಡಿದರು. ಬೈಯುತ್ತಾರೆ ಎಂದು ಕಾದೆ. "ತಲೆ ಮೇಲೆ ಟೋಪಿ ಇಟ್ಟುಕೊಂಡು ಇದನ್ನು ಓದಿದ್ರೆ ನಾನೂ ಹಾಗೇ ಬರೀತಿದ್ದೆ ಟೀಚರ್," ಎಂದರು ಕೊನೆಗೆ. "ನಾನು ಅಂಕೆ ಮಾತ್ರ ನೋಡಿದೆ. ಮಾತು ನೋಡ್ಲೇ ಇಲ್ಲ." ಆಮೇಲೆ ತಮ್ಮ ಫ್ಲಾಸ್ಕಿನಲ್ಲಿ ಉಳಿದಿದ್ದ ಅರ್ಧ ಲೋಟ ಚಹಾವನ್ನು ಪೂರ್ತಿ ನನಗೆ ಬಗ್ಗಿಸಿ ಕೊಟ್ಟು, ಮೇಲಿನವರಿಗೆ ಪತ್ರ ಬರೆಯಲು ಕೂತರು. ಪರದೆಯ ಮೇಲೆ ಅವರು 'ಅನುವಾದದ ದೋಷ' ಎಂದು ಬೆರಳಚ್ಚು ಮಾಡಿದ್ದು, ತಡೆದದ್ದು, ಅಳಿಸಿ 'ಪ್ರಶ್ನೆಯ ದೋಷ' ಎಂದು ಹಾಕಿದ್ದು ನನಗೆ ಕಾಣುತ್ತಿತ್ತು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಹಾಳೆ ಹೋದ್ರೆ ಹೋಯ್ತು. ಮೈಯ ಲೆಕ್ಕ ಸುಳ್ಳು ಹೇಳುದಿಲ್ಲ," ಎಂದು ಅವರು ಟೋಪಿಗಳು ಅಳೆದಿಟ್ಟ ನಾಡಿ, ಬೆವರಿನ ಗೆರೆಗಳನ್ನು ತೆರೆದರು. ಅಲ್ಲಿಯೂ ಗೊಂದಲವೇ. ಸರಿ ಜಾಗದಲ್ಲಿ ತಟ್ಟಿಸಿಕೊಂಡವರ ಭಯ ಇಳಿದಿತ್ತು. ತಪ್ಪು ಜಾಗದಲ್ಲಿ ತಟ್ಟಿಸಿಕೊಂಡವರದ್ದೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ತಟ್ಟದ ಟೋಪಿಯವರಲ್ಲಿ ಕೆಲವರದ್ದು ಇಳಿದಿತ್ತು, ಕೆಲವರದ್ದು ಇಲ್ಲ. ಮುರಿಗೆಪ್ಪನವರ ಗೆರೆ ಮಾತ್ರ ಯಾವುದಕ್ಕೂ ಸೇರುವಂತಿರಲಿಲ್ಲ. ಟೋಪಿ ತೊಟ್ಟ ಕೂಡಲೇ ಗುಡ್ಡದ ಹಾಗೆ ಏರುತ್ತಿತ್ತು, ಅರ್ಧ ಗಂಟೆಯಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಮೊದಲ ವಾರ ಎಷ್ಟು ಎತ್ತರವೋ ಆರನೇ ವಾರವೂ ಅಷ್ಟೇ ಎತ್ತರ.

"ಗುಣ ಆಗ್ಲಿಲ್ಲ," ಎಂದರು ಡಾಕ್ಟರ್ ಮೆಲ್ಲಗೆ. "ಆದ್ರೆ ಒಂದು ಗೊತ್ತಾಗುದಿಲ್ಲ ನೋಡಿ. ನೆನಪು ಹೇಳಿಸುವ ಮೊದಲೇ ಏರಿದೆ. ಟೋಪಿ ಹಾಕಿದ ಕೂಡಲೇ. ಟೋಪಿಗೆ ಯಾಕೆ ಇಷ್ಟು ಹೆದರಿಕೆ?"

ನಾನು ಅವರ ಹಾಳೆಗಳನ್ನು ಹುಡುಕಿ ತೆಗೆದೆ. ಆರು ಹಾಳೆ, ಆರು ಸೊನ್ನೆ. ಷರಾದಲ್ಲಿ ಆರು ಸಲವೂ ಅದೇ ವಾಕ್ಯ, ಅವರ ಓರೆ ಅಕ್ಷರದಲ್ಲಿ: 'ಇವತ್ತೂ ತಟ್ಟಲಿಲ್ಲ. ಪುಣ್ಯ.'

ಆ ಆರು ಹಾಳೆಗಳ ನಕಲನ್ನು ಮನೆಗೆ ಒಯ್ದು ಅವರ ಮುಂದೆ ಇಟ್ಟೆ. ನನ್ನ ತಪ್ಪನ್ನು ಮೊದಲು ಹೇಳಿದೆ. ಕೇಳಿ ಅವರು ಬಿದ್ದು ಬಿದ್ದು ನಕ್ಕರು. "ಮೂವತ್ತೆರಡು ವರ್ಷ ಮಕ್ಳ ತಪ್ಪು ತಿದ್ದಿದಾಕಿ! ನಿಂಗೂ ಕೆಂಪು ಗೆರೆ ಬಿತ್ತಾ?"

"ನಗ್ಬೇಡಿ. 'ಪುಣ್ಯ' ಅಂತ ಯಾಕೆ ಬರೆದ್ರಿ?"

ನಗು ಅಲ್ಲಿಗೇ ನಿಂತಿತು. ಅವರು ಹಾಳೆಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಇಟ್ಟರು. ಬಹಳ ಹೊತ್ತು ಅದನ್ನೇ ಮಾಡಿದರು.

"ಲೈನ್ ಬಸ್ಸಿನಾಗ ಕಂಡಕ್ಟ್ರು ಬಸ್ಸಿನ ಮೈಗೆ ತಟ್ತಾನೆ. ಒಂದು ತಟ್ಟಿದ್ರೆ ನಿಲ್ಲು. ಎರಡು ತಟ್ಟಿದ್ರೆ ಹೋಗು. ತಿಪ್ಪೇಸ್ವಾಮಿ ಕೈ ಹತ್ತೊಂಬತ್ತು ವರ್ಷ ಕೇಳೀನಿ ನಾನು. ಕನ್ನಡಿ ನೋಡ್ತಿರ್ಲಿಲ್ಲ, ಅವನ ಕೈ ಇದ್ರೆ ಸಾಕು." ಒಮ್ಮೆ ಉಸಿರೆಳೆದುಕೊಂಡರು. "ಅವತ್ತು ಹಿಂದಕ್ಕೆ ಬಿಡ್ತಾ ಇದ್ದೆ. ಅವ ಹಿಂದೆ ನಿಂತಿದ್ದ. ಒಂದು ತಟ್ಟಿದ. ನಾನು ಬ್ರೇಕಿಗೆ ಕಾಲಿಡೋದು ಒಂದ್ ಚೂರು ತಡ ಆತು. ನಿಲ್ಲಲಿಲ್ಲ ಅಂತ ಅವ ಇನ್ನೊಂದು ತಟ್ಟಿದ. ನಾನು ಎರಡು ಅಂತ ತಿಳ್ಕಂಡೆ. ಕಾಲು ತೆಗೆದೆ. ಅದು ಎರಡಲ್ಲ ಮಂಗಳ. ಅದು ಒಂದು, ಮತ್ತೆ ಒಂದು."

ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

"ಪೊಲೀಸ್ರು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಅವನ ಹೆಂಡ್ತಿ ಬಂದು ನಿಮ್ದೇನ್ ತಪ್ಪಿಲ್ಲ ಅಂದ್ಲು. ಅದುಕ್ಕೂ ಸುಮ್ನೆ ಕೂತಿದ್ದೆ."

ಹನ್ನೊಂದು ವರ್ಷ ನಾನು ರೊಟ್ಟಿ ತಟ್ಟಲು ಕೂತಾಗಲೆಲ್ಲ ಇವರು ಕರಿಬೇವಿಗೆ ನೀರು ಹಾಕಲು ಯಾಕೆ ಹೋಗುತ್ತಿದ್ದರು ಎಂದು ಆಗ ತಿಳಿಯಿತು. ಅಷ್ಟು ನೀರಿಗೆ ಆ ಗಿಡ ಕೊಳೆಯದೆ ಉಳಿದದ್ದೇ ಹೆಚ್ಚು.

"ತಟ್ಟೋ ಟೋಪಿ ಅಂತ ಗೊತ್ತಿದ್ದೂ ಯಾಕೆ ಸೇರಿದ್ರಿ?"

"ಅಕ್ಕನ್ನ ನೋಡ್ಬೇಕಲ್ಲ." ಇದು ನನಗೆ ತಿಳಿಯದ್ದೇ ದೊಡ್ಡ ಆಶ್ಚರ್ಯ ಎಂಬಂತೆ ನನ್ನನ್ನು ನೋಡಿದರು. "ದಿನಾ ಹಾಕ್ಕಂಡು ಕೂರ್ತಿದ್ದೆ. ಈಗ ತಟ್ತೈತೆ, ಈಗ ತಟ್ತೈತೆ ಅಂತ. ತಟ್ಲಿಲ್ಲ. ಹೆಂಗೋ ಅರ್ಧ ಗಂಟೆ ಕಳೀತಿತ್ತು."

ಬುಧವಾರ ಅವರೇ ಕೇಂದ್ರಕ್ಕೆ ನಡೆದು ಬಂದು, ನನಗೆ ಹೇಳಿದ್ದನ್ನೆಲ್ಲ ಡಾಕ್ಟರಿಗೆ ಹೇಳಿದರು. ಎರಡನೇ ಸಲ ಹೇಳುವಾಗ ಸ್ವಲ್ಪ ಸಲೀಸಾಗಿತ್ತು. ಡಾಕ್ಟರ್ ಏನನ್ನೂ ಬರೆದುಕೊಳ್ಳಲಿಲ್ಲ. ಮುಗಿದ ಮೇಲೆ ಅವರ ಗೆರೆಯನ್ನು ಪರದೆಯ ಮೇಲೆ ತೋರಿಸಿದರು.

"ನಾನು ಸುಳ್ಳು ಹೇಳುದಿಲ್ಲ ಸಾರ್. ನಿಮ್ಮ ಭಯ ಒಂದು ಚೂರೂ ಕಮ್ಮಿ ಆಗ್ಲಿಲ್ಲ. ನಿಮಗೆ ಕೊಟ್ಟದ್ದು ಖಾಲಿ ಟೋಪಿ. ಗುಣ ಆಯ್ತು ಅಂತ ನಾವು ಹೇಳಿದ್ದು ತಪ್ಪು ಲೆಕ್ಕ. ನಾಳೆ ಹೋಗುವ ಅಂತ ವಿಜ್ಞಾನಿಯಾಗಿ ನಾನು ಹೇಳ್ಲಿಕ್ಕೆ ಆಗುದಿಲ್ಲ."

"ಕಮ್ಮಿ ಆಗ್ಲಿ ಅಂತ ಕಾಯ್ತಾ ಕೂತ್ರೆ ಅಕ್ಕ ಇರಲ್ಲ ತಾಯಿ."

"ದಾರಿಯಲ್ಲಿ ಜಾಸ್ತಿ ಆದ್ರೆ?"

"ಇಳೀತೀನಿ. ಬಾಗ್ಲಿಗೆ ಬೀಗ ಹಾಕ್ಬ್ಯಾಡ, ಅಷ್ಟೇ."

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಪ್ರಯೋಗದ ಪ್ರಕಾರ ಇವರನ್ನು ಕಳಿಸಬಾರದು. ನನ್ನ ಪ್ರಶ್ನೆ ಸರಿಯಾಗಿದ್ದಿದ್ದರೆ ಇವರು ಮೊದಲ ವಾರವೇ ಹತ್ತು ಎಂದು ಬರೆದಿರುತ್ತಿದ್ದರು, ಈ ಕಾರಿನ ಮಾತೇ ಹುಟ್ಟುತ್ತಿರಲಿಲ್ಲ. ತಪ್ಪಿನಿಂದ ನಿಗದಿಯಾದ ಪ್ರಯಾಣ ಇದು. ತಪ್ಪನ್ನು ತಿದ್ದಿದ ಮೇಲೆ ಪ್ರಯಾಣವೂ ಹೋಗಬೇಕೋ, ಅಥವಾ ಉಳಿಯಬಹುದೋ?

"ಆ ಖಾಲಿ ಟೋಪಿನೇ ಕೊಡು," ಎಂದರು ಮುರಿಗೆಪ್ಪ.

"ಅದರಲ್ಲಿ ಎಂಥದೂ ಇಲ್ಲ ಅಂತ ಈಗಷ್ಟೇ ಹೇಳಿದೆನಲ್ಲ?"

"ಗೊತ್ತು ಬಿಡು. ತಲೆ ಬೆಚ್ಚಗಿರ್ತೈತೆ."

ಗುರುವಾರ ಬೆಳಗ್ಗೆ ಎಂಟಕ್ಕೆ ಕಾರು ಬಂತು. ಡಾಕ್ಟರ್ ರಜೆ ಹಾಕಿದ್ದರು. ಇದು ಪ್ರಯೋಗದ ಭಾಗವಲ್ಲ, ಆದ್ದರಿಂದ ಕೇಂದ್ರದ ಕೆಲಸದ ದಿನ ಅಲ್ಲ ಎಂದರು. ಮುರಿಗೆಪ್ಪ ಕುಲಾವಿ ತೊಟ್ಟು ಕಾರಿನ ಬಾಗಿಲ ಬಳಿ ನಿಂತರು. ಒಂದು ಕಾಲು ಒಳಗಿಟ್ಟರು, ತೆಗೆದರು. ಕಾರನ್ನು ಒಂದು ಸುತ್ತು ಹಾಕಿ ಟೈರು ನೋಡಿದರು. "ಹಿಂದಿನ್ದಕ್ಕೆ ಗಾಳಿ ಕಮ್ಮಿ ಐತೆ," ಎಂದರು. ಗಾಳಿ ಸರಿಯಾಗಿಯೇ ಇತ್ತು. ಡಾಕ್ಟರ್ ಮಾತ್ರ, "ಹೌದಾ, ದಾರಿಯಲ್ಲಿ ಹಾಕಿಸುವ," ಎಂದು ಇಳಿದು ಬಂದು ಟೈರನ್ನು ಒತ್ತಿ ನೋಡಿದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಮುರಿಗೆಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಯಾವ ಗಳಿಗೆಯಲ್ಲಿ ಕೂತರು ಎಂದು ಹಿಂದೆ ಕೂತಿದ್ದ ನನಗೇ ಗೊತ್ತಾಗಲಿಲ್ಲ. ಮನೆಗೆ ಬೀಗ ಹಾಕಿದ್ದೀರಾ ಎಂದು ಡಾಕ್ಟರ್ ಕೇಳಿದ್ದರು, ನಾನು ತಿರುಗಿ ನೋಡಿದ್ದೆ, ಅಷ್ಟರಲ್ಲಿ.

ನನ್ನ ತೊಡೆಯ ಮೇಲೆ ಟ್ಯಾಬ್ ಇತ್ತು. ಅದರಲ್ಲಿ ಅವರ ಗೆರೆ. ಕಾರು ಹೊರಟಾಗ ಅದು ಮೇಲಕ್ಕೆ ಹೋದದ್ದು ಕೆಳಗೆ ಇಳಿಯಲಿಲ್ಲ. ಊರು ದಾಟಿತು, ಹೆದ್ದಾರಿ ಸಿಕ್ಕಿತು. ಅವರು ಎದುರಿನ ಡ್ಯಾಶ್‌ಬೋರ್ಡನ್ನು ಎರಡು ಕೈಯಿಂದ ಹಿಡಿದಿದ್ದರು. ಬೆವರು ಕುಲಾವಿಯ ಅಂಚಿನಿಂದ ಕತ್ತಿಗೆ ಇಳಿಯುತ್ತಿತ್ತು.

ಭರಮಸಾಗರದ ಹತ್ತಿರ, "ನಿಲ್ಸು," ಎಂದರು. ಇಳಿದು, ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡರು. ಬಾಯಿ ತೊಳೆದು ನಡೆಯತೊಡಗಿದರು. ಚಿತ್ರದುರ್ಗದ ಕಡೆಗೇ. ನಾನೂ ಇಳಿದು ಜೊತೆಗೆ ನಡೆದೆ. ಹಿಂದೆ ಡಾಕ್ಟರ್ ಮಿಣುಕು ದೀಪ ಹಾಕಿಕೊಂಡು ನಮ್ಮ ನಡಿಗೆಯ ವೇಗದಲ್ಲಿ ಕಾರು ತರುತ್ತಿದ್ದರು. ಲಾರಿಯವರು ಹಾರ್ನ್ ಹೊಡೆದು ಬೈದು ಹೋಗುತ್ತಿದ್ದರು. ಡಾಕ್ಟರ್ ಮಾತ್ರ ಕಾರನ್ನು ನಮಗಿಂತ ಒಂದು ಅಡಿಯೂ ಮುಂದೆ ತರಲಿಲ್ಲ.

"ಇಲ್ಲೊಂದು ಹೋಟ್ಲಿತ್ತು ಮಂಗಳ. ಒಗ್ಗರಣೆ ಮಂಡಕ್ಕಿ ಚಲೋ ಮಾಡ್ತಿದ್ದ. ರಸ್ತೆ ಅಗಲ ಮಾಡಾಗ ಕಿತ್ತು ಹಾಕ್ಯಾರೆ ಕಾಣುತ್ತೆ."

"ಇರ್ಬೇಕು."

"ತಿಪ್ಪೇಸ್ವಾಮಿ ಹೆಂಡ್ತಿಗೆ ಹೇಳ್ಬೇಕು ಅದನ್ನ. ಒಂದು, ಮತ್ತೆ ಒಂದು ಅಂತ."

"ಹೇಳಿ. ನಾನೂ ಬರ್ತೀನಿ."

"ಆಕಿ ಏನಂತಾಳೋ."

"ಏನಾದ್ರೂ ಅನ್ಲಿ ಬಿಡಿ."

ಒಂದು ಕಿಲೋಮೀಟರ್ ನಡೆದಿರಬಹುದು. ಅವರು ನಿಂತರು. ಹಿಂದೆ ಕಾರೂ ನಿಂತಿತು. ಬಾಗಿಲು ತೆರೆದು, ಈ ಸಲ ಟೈರು ನೋಡದೆ ಕೂತರು. ನಾನು ಅವಸರದಲ್ಲಿ ಟ್ಯಾಬ್ ನೋಡಿದೆ. ಗೆರೆ ಇನ್ನೂ ತುದಿಯಲ್ಲೇ ಇತ್ತು. ಭಯ ಹೋಗಿ ಕೂತದ್ದಲ್ಲ. ಹಾಗಾದರೆ ಯಾವುದರ ಬಲದಿಂದ ಕೂತರು? ಅರ್ಥವಾಗದೆ ಅದನ್ನು ಮಗುಚಿ ಬದಿಗಿಟ್ಟೆ. ಆಮೇಲೆ ಗೆರೆ ಇಳಿಯಿತೋ ಇಲ್ಲವೋ ನಾನು ನೋಡಲಿಲ್ಲ. ನಾನು ಅದನ್ನು ಮಗುಚಿದ್ದನ್ನು ಡಾಕ್ಟರ್ ಕನ್ನಡಿಯಲ್ಲಿ ನೋಡಿ ಕಾರು ಹೊರಡಿಸಿದರು.

ಹಾಲಮ್ಮಕ್ಕ ನಡುಮನೆಯ ಮಂಚದಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿದ್ದರು. ನಾಗವೇಣಿ ಅವರ ಕಿವಿಯ ಹತ್ತಿರ ಬಗ್ಗಿ, "ಅವ್ವಾ, ಮಾವ ಬಂದಾನೆ," ಎಂದಳು. ಆಕೆ ಈ ಕಡೆ ತಿರುಗಲು ಬಹಳ ಹೊತ್ತು ಹಿಡಿಯಿತು. ಕುಲಾವಿ ತೊಟ್ಟು, ಅಂಗಿಯೆಲ್ಲ ಬೆವರಾಗಿ, ಎದುರಿಗೆ ನಿಂತ ಎಪ್ಪತ್ತನಾಲ್ಕು ವರ್ಷದ ತಮ್ಮನನ್ನು ನೋಡಿದರು.

"ಹೆಂಗ್ ಬಂದ್ಯೋ?"

"ಕಾರಾಗ ಬಂದೆ ಅಕ್ಕಾ."

"ಅದಲ್ಲೋ." ಅವರ ದನಿ ಗಾಳಿಯಷ್ಟು ಹಗುರಾಗಿತ್ತು. "ಹೆಂಗ್ ಬಂದೆ?"

ಮುರಿಗೆಪ್ಪ ನನ್ನ ಕಡೆ ನೋಡಿದರು. ನಾನು ಡಾಕ್ಟರ ಕಡೆ ನೋಡಿದೆ. ಡಾಕ್ಟರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು.

"ಗೊತ್ತಿಲ್ಲಕ್ಕಾ," ಎಂದರು ಮುರಿಗೆಪ್ಪ. ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತರು.

ಹಾಲಮ್ಮಕ್ಕ ತಲೆಯಾಡಿಸಿದರು. ಅದು ಅವರಿಗೆ ಸಾಕಾದಂತೆ ಕಂಡಿತು. ಆಮೇಲೆ ಬಾಗಿಲಲ್ಲಿದ್ದ ಡಾಕ್ಟರನ್ನು ಕಂಡರು. ಕೂರಲಿ ಎಂದು ಕಷ್ಟಪಟ್ಟು ಕಾಲು ಮಡಚಿ ಮಂಚದ ಮೇಲೆ ಜಾಗ ಮಾಡಿ, "ನೀನ್ಯಾರವ್ವಾ?" ಎಂದು ಕೇಳಿದರು.

ಡಾಕ್ಟರ್ ಬಾಯಿ ತೆರೆದರು. ತಮ್ಮ ಹುದ್ದೆ ಹೇಳಬೇಕೋ, ಕೇಂದ್ರದ ಹೆಸರು ಹೇಳಬೇಕೋ ಎಂದು ತಡವರಿಸಿದ್ದು ನನಗೆ ಕಂಡಿತು. ಮುಂದೆ ಬಂದು, ಆಕೆ ಮಾಡಿಕೊಟ್ಟ ಅಷ್ಟೇ ಜಾಗದಲ್ಲಿ ಕೂತರು.

"ಜೊತೆಗೆ ಬಂದವಳಮ್ಮ," ಎಂದರು.